ಬಂಡಿಗೊಂದು ಹೆಸರು

ಸ್ಪೇನ್ ದೇಶದ ಸೆರ್ವಾಂಟಿಸನು 1605ರಲ್ಲಿ ಪ್ರಕಟಿಸಿದ 'ಡಾನ್ ಕ್ವಿಕ್ಸೋಟ್' ಕಾದಂಬರಿಯ ನಾಯಕನು ತನ್ನ ಬಡಕಲು ಕುದುರೆಗೆ ಹೆಸರಿಡಲು ನಾಲ್ಕು ದಿನ ಯೋಚಿಸಿದನಂತೆ. ಕೊನೆಗೆ ಹೊಳೆದುದು ರೋಸಿನಾಂಟೆ ಎಂಬ ಹೆಸರು. 1960ರಲ್ಲಿ ಅಮೆರಿಕವನ್ನು ಸುತ್ತಲು ಹೊರಟ ಸ್ಟೈನ್‌ಬೆಕ್ ತನ್ನ ವಾಹನಕ್ಕೆ ಇಟ್ಟುದೂ ಅದೇ ಹೆಸರನ್ನು. ನಮ್ಮಲ್ಲಿಯೂ ಇದು ಹೊಸತಲ್ಲ. ಶ್ರೀಕೃಷ್ಣನ ರಥದ ಕುದುರೆಗಳು ಶೈಬ್ಯ, ಸುಗ್ರೀವ, ಮೇಘಪುಷ್ಪ, ಬಲಾಹಕ ಎಂದು ಹೆಸರುವಾಸಿಯಾದುವು. ಒಲಿದ ವಸ್ತುವನ್ನು ಬರಿದೇ 'ಅದು' ಎನ್ನಲು ಮನುಷ್ಯನ ನಾಲಗೆ ಒಪ್ಪದು.

ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನು ಕಳೆದ ವರ್ಷ ಹಳೆಯದೊಂದು ಮಾರುತಿ ಓಮ್ನಿಯನ್ನು ಕೊಂಡನು. ಬಿಳಿಯ ಮೈ, ಸರಿಸುವ ಬಾಗಿಲು, ಮುಂದಿನ ಆಸನದಡಿಯಲ್ಲಿ ಎಂಜಿನು. 1984ರಲ್ಲಿ, ಅಂದರೆ ನಮ್ಮ ಕಾಸರಗೋಡು ಜಿಲ್ಲೆ ಹುಟ್ಟಿದ ವರ್ಷವೇ, ಪೇಟೆಗೆ ಬಂದ ಈ ಜಾತಿಯ ವ್ಯಾನಿನ ತಯಾರಿಕೆ 2019ರಲ್ಲಿ ನಿಂತುಹೋಯಿತು. ಆದರೆ ಇವನ ಮೋಹಕ್ಕೆ ಮುಪ್ಪೆಲ್ಲಿಯದು! ದಿನವೂ ಸಂಜೆ ಒದ್ದೆ ಬಟ್ಟೆಯಿಂದ ಅದರ ಮೈಯೊರಸುವನು. "ಹಟ್ಟಿಯ ದನವನ್ನು ಒಂದು ದಿನ ಮೀಯಿಸಿದವನಲ್ಲ, ಮಾಷ್ಟ್ರೇ" ಎಂದು ಅವನ ತಾಯಿ ನಮ್ಮಲ್ಲಿ ದೂರಿದ್ದುಂಟು.

ಈ ಮೋಹದಲ್ಲಿ ನಮ್ಮ ಸ್ವಾರ್ಥವೂ ಇದೆ. ಗುಡ್ಡದಾಚೆಯ ಮನೆಗಳಿಂದ ನಮ್ಮ ಕನ್ನಡ ಶಾಲೆಗೆ ಮೂರು ಮೈಲಿ ನಡಿಗೆ. ಇಂಗ್ಲಿಷ್ ಮಾಧ್ಯಮದ ಬಸ್ಸಾದರೋ ಅಂಗಳದ ಬದಿಗೇ ಬರುತ್ತದೆ. ಆರು ವರ್ಷದ ಕೂಸನ್ನು ಆಷಾಢದ ಮಳೆಯಲ್ಲಿ ನಡೆಸಿರಿ, ಭಾಷಾಭಿಮಾನವನ್ನು ಉಳಿಸಿರಿ ಎಂದು ತಾಯಂದಿರಿಗೆ ಉಪದೇಶಿಸುವುದು ಸುಲಭ. ನಾವಂತೂ ಅದನ್ನು ಬಿಟ್ಟು ಬಹುಕಾಲವಾಯಿತು. ಶಾಲೆ ತೆರೆದ ಆರನೆಯ ಕೆಲಸದ ದಿನದ ತಲೆಯೆಣಿಕೆಯ ಮೇಲೆ ಅಧ್ಯಾಪಕರ ಹುದ್ದೆಗಳು ನಿಲ್ಲುವ ಕೇರಳ ರಾಜ್ಯದಲ್ಲಿ ಒಂದು ವ್ಯಾನೆಂದರೆ ಏನೆಂಬುದನ್ನು ಈ ಪತ್ರಿಕೆಯ ಓದುಗರಿಗೆ ವಿವರಿಸಬೇಕಾಗಿಲ್ಲ.

ಹೆಸರಿನ ಪ್ರಶ್ನೆ ನಮ್ಮ ಬಳಿಗೇ ಬಂದಿತು. 'ಓಮ್ನಿ' ಎಂಬುದೇ ಹೆಸರಲ್ಲವೇ ಎಂದೆವು. ಅದರ ಕಥೆಯೂ ಸ್ವಾರಸ್ಯಕರವಾದುದು. ಲ್ಯಾಟಿನಿನಲ್ಲಿ 'ಓಮ್ನಿಬಸ್' ಎಂದರೆ 'ಎಲ್ಲರಿಗೆ'. ಅದರ ಬಾಲವನ್ನು ಕತ್ತರಿಸಿಕೊಂಡು ಲೋಕವು 'ಬಸ್' ಎಂದಿತು. ವ್ಯಾಕರಣದ ಮಾತಿನಲ್ಲಿ ಹೇಳುವುದಾದರೆ ನಾವೆಲ್ಲ ಇಷ್ಟು ಕಾಲ ಒಂದು ವಿಭಕ್ತಿ ಪ್ರತ್ಯಯದಲ್ಲಿ ಕುಳಿತು ಪ್ರಯಾಣ ಮಾಡುತ್ತಿದ್ದೇವೆ! ಉಳಿದ ತಲೆಯ ಭಾಗ ಈ ಪುಟ್ಟ ವ್ಯಾನಿನ ಪಾಲಿಗೆ ಬಂತು. ಹುಡುಗನು ವಿನಯದಿಂದ ಕೇಳಿದನು; ಒಪ್ಪಲಿಲ್ಲ. ಊರಿನಲ್ಲಿರುವ ಓಮ್ನಿಗಳೆಲ್ಲಕ್ಕೂ ಅದೇ ಹೆಸರಲ್ಲವೇ ಎಂಬುದು ಅವನ ವಾದ. ನ್ಯಾಯವೇ.

'ಚೇತಕ' ಎಂದರು ಒಬ್ಬರು. ರಾಣಾ ಪ್ರತಾಪನ ಆ ಕುದುರೆಯ ಹೆಸರನ್ನು ಸ್ಕೂಟರಿನವರು 1972ರಲ್ಲಿಯೇ ಎತ್ತಿಕೊಂಡಿದ್ದಾರೆ. 'ಐರಾವತ' ಕರ್ನಾಟಕ ಸಾರಿಗೆಯವರ ಪಾಲಾಗಿದೆ. ಅಧ್ಯಾಪಿಕೆಯೊಬ್ಬರು 'ಪುಷ್ಪಕ'ವನ್ನು ಸೂಚಿಸಿದಾಗ ನಾವು ಖಂಡಿತವಾಗಿ ವಿರೋಧಿಸಿದೆವು. ಎಷ್ಟು ಮಂದಿ ಹತ್ತಿದರೂ ಇನ್ನೊಬ್ಬರಿಗೆ ಎಡೆಯಿರುವುದು ಪುಷ್ಪಕ ವಿಮಾನದ ಗುಣವೆಂದು ಜನ ಹೇಳುವುದುಂಟು. ಮಕ್ಕಳನ್ನು ಒಯ್ಯುವ ಬಂಡಿಗೆ ಅಂಥ ಗುಣ ಬೇಡವೇ ಬೇಡ. ಎಂಟು ಆಸನದಲ್ಲಿ ಹದಿನೆಂಟು ಮಕ್ಕಳನ್ನು ತುಂಬುವ ವಾಹನಗಳನ್ನು ದಾರಿಯಲ್ಲಿ ಕಂಡು ಎದೆ ಝಲ್ಲೆಂದದ್ದುಂಟು.

ಇಷ್ಟರಲ್ಲಿ ಒಂದನೆಯ ತರಗತಿಯ ಮಕ್ಕಳು ನಮ್ಮನ್ನು ಕೇಳದೆಯೇ ಕೆಲಸ ಮುಗಿಸಿಬಿಟ್ಟಿದ್ದರು. ತಿರುವಿನಲ್ಲಿ ಅದರ ಬಿಳಿಯ ಹಣೆ ಕಂಡೊಡನೆ "ಆನೆ" ಎಂದು ಕೂಗು. ಯೋಚಿಸಿದಷ್ಟೂ ನಮಗೆ ಇದು ಹಿಡಿಸಿತು. ತುಳುವಿನ ಮನೆಯಲ್ಲಿಯೂ ಆನೆಯೇ, ಮಲೆಯಾಳದ ಮನೆಯಲ್ಲಿ ಆನ. ಮರಾಠಿ, ಕೊಂಕಣಿ ಮನೆಮಾತಿನ ಮಕ್ಕಳು ಮಾತ್ರ ಹೊಸತಾಗಿ ಕಲಿಯಬೇಕು. ಅವರು ಮೊದಲ ವಾರದಲ್ಲಿಯೇ ಕಲಿತರು. ಅಕ್ಷರಮಾಲೆಯ ಎರಡನೆಯ ಅಕ್ಷರಕ್ಕೆ ಬಂದ ಮಗು ತನ್ನ ಬಂಡಿಯ ಹೆಸರನ್ನು ತಾನೇ ಓದಬಲ್ಲುದೆಂದರೆ ಪಾಠಕ್ಕೆ ಬೇರೆ ಚಿತ್ರಪಟವೇಕೆ? ರಿಪೇರಿಯ ಖರ್ಚನ್ನು ಬಲ್ಲ ಸಹೋದ್ಯೋಗಿಯೊಬ್ಬರು ಮಾತ್ರ "ಬಿಳಿಯಾನೆ ಎಂದೇ ಬರೆಸಿ" ಎಂದು ನಕ್ಕರು.

ಅಕ್ಷರಕ್ಕಿಷ್ಟೆಂದು ಕೂಲಿ ಹೇಳಿದ ಪೈಂಟರನಿಗೆ ಎರಡೇ ಅಕ್ಷರವೆಂದು ತಿಳಿದಾಗ ಮೋರೆ ಚಿಕ್ಕದಾಯಿತು. ಕೆಳಗೆ ಮಲೆಯಾಳ ಲಿಪಿಯಲ್ಲಿಯೂ ಬರೆಯಲು ಹೇಳಿ ನಾಲ್ಕು ಮಾಡಿದೆವು. ಈಗ ಸರಿಸುವ ಬಾಗಿಲಿನ ಚಿಲಕವು ಸಡಿಲವಾಗಿದೆ. ಜೂನ್ ತಿಂಗಳೊಳಗೆ ಅದನ್ನು ಬದಲಿಸದೆ ಒಂದು ಮಗುವನ್ನೂ ಹತ್ತಿಸಕೂಡದೆಂದು ಹುಡುಗನಿಗೆ ಹೇಳಿದ್ದೇವೆ.