ಜವಾರಿ ತತ್ತಿಯ ತಾಕತ್ತು

ಬಾದಾಮಿ, ಹುನಗುಂದ, ಇಳಕಲ್ಲ ಕಡೆ ಜವಾರಿ ತತ್ತಿಗೆ ಫಾರಂ ತತ್ತಿಯ ಎರಡು ಪಟ್ಟು ದರ ಹೇಳಿದರೂ ಕೊಳ್ಳುವವರು ಇದ್ದೇ ಇರುತ್ತಾರೆ. ಅದರಲ್ಲಿ ತಾಕತ್ತು ಹೆಚ್ಚೆಂಬ ನಂಬಿಕೆ. ಪೂರ್ತಿ ಸುಳ್ಳೇನಲ್ಲ.

ಬಿಸಿಲಿನ ವಿಚಾರದಲ್ಲಿ ಜವಾರಿಯ ಪಕ್ಷ ಗಟ್ಟಿ. ಬಯಲಲ್ಲಿ ತಿರುಗಿದ ಕೋಳಿಯ ತತ್ತಿಯಲ್ಲಿ ವಿಟಮಿನ್ ಡಿ ಮೂರ್ನಾಲ್ಕು ಪಟ್ಟು ಇತ್ತೆಂದು 2014ರ ಜರ್ಮನಿಯ ಪ್ರಯೋಗವೊಂದು ತೋರಿಸಿತು. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ 2010ರಲ್ಲಿ ಹುಲ್ಲುಗಾವಲಿನ ಕೋಳಿಗಳನ್ನು ಪರೀಕ್ಷಿಸಿದಾಗ ವಿಟಮಿನ್ ಇ ಇಮ್ಮಡಿ, ಒಮೆಗಾ-3 ಎರಡೂವರೆ ಪಟ್ಟು ಕಂಡಿತ್ತು. ಆದರೆ ಅವು ಹಸಿರು ಮೇಯ್ದ ಕೋಳಿಗಳು. ಏಪ್ರಿಲ್-ಮೇ ತಿಂಗಳ ನಮ್ಮ ಎರೆಹೊಲದಲ್ಲಿ ಎಲ್ಲಿಯ ಹಸಿರು? ಮುಂಗಾರು ಬಿದ್ದು ಸೊಪ್ಪು, ಹುಳಹುಪ್ಪಡಿ ಸಿಕ್ಕಾಗಿನ ತತ್ತಿ ಬೇರೆ, ಬರೀ ಜೋಳದ ನುಚ್ಚು ತಿಂದು ಇಟ್ಟ ತತ್ತಿ ಬೇರೆ. ಮೇಲಾಗಿ, ತಿಪ್ಪೆ ಕೆದರುವ ಕೋಳಿ ಮಣ್ಣಿನಲ್ಲಿ ಸೀಸದಂಥ ವಿಷವಿದ್ದರೆ ಅದನ್ನೂ ತತ್ತಿಗೆ ದಾಟಿಸುತ್ತದೆ.

ಪಂಜರದ ಕೋಳಿಗೆ ಎ4 ಹಾಳೆಯಷ್ಟೂ ಜಾಗ ಸಿಗುವುದಿಲ್ಲ. ಅದು ಅದರ ದುರ್ದೈವ. ತತ್ತಿಯ ಪ್ರೋಟೀನಿಗೆ ಮಾತ್ರ ಅದರಿಂದ ಧಕ್ಕೆಯಿಲ್ಲ. 50 ಗ್ರಾಂ ತತ್ತಿಯಲ್ಲಿ ಸುಮಾರು 6 ಗ್ರಾಂ ಇದ್ದೇ ಇರುತ್ತದೆ. ಜವಾರಿ ತತ್ತಿ ಗಾತ್ರದಲ್ಲಿ ಸಣ್ಣದು, ಹಾಗಾಗಿ ಒಂದಕ್ಕೊಂದು ಹೋಲಿಸಿದರೆ ಅದರಲ್ಲೇ ಕಡಿಮೆ. ಗಾಢ ಹಳದಿ ಕಂಡು ಮರುಳಾಗುವುದೂ ಬೇಡ: ಮೇವಿನಲ್ಲಿ ಗೋವಿನಜೋಳವೋ ಚೆಂಡುಹೂವಿನ ಪುಡಿಯೋ ಹೆಚ್ಚಿದರೆ ಫಾರಂನಲ್ಲೂ ಆ ಬಣ್ಣ ಬರುತ್ತದೆ. ಮೇವಿಗೆ ಅಗಸಿ ಬೆರೆಸಿದರೆ ಪಂಜರದ ಕೋಳಿಯೂ ಒಮೆಗಾ-3 ತುಂಬಿದ ತತ್ತಿ ಇಡುತ್ತದೆ. ರೊಟ್ಟಿಗೆ ಅಗಸಿ ಚಟ್ನಿ ಹಚ್ಚಿಕೊಳ್ಳುವ ನಾಡಿಗೆ ಇದಕ್ಕೆ ಕೋಳಿ ಯಾಕೆ ಬೇಕು ಎನ್ನಬಹುದು. ಬೇಕು. ಅಗಸಿಯ ಒಮೆಗಾ-3ಅನ್ನು ಮಿದುಳಿಗೆ ಬೇಕಾದ ಡಿಎಚ್ಎ ಆಗಿ ಮಾರ್ಪಡಿಸುವುದರಲ್ಲಿ ಕೋಳಿ ನಮಗಿಂತ ಜಾಣ.

ಇನ್ನು ಲೆಕ್ಕ. ಹಿತ್ತಲ ಕೋಳಿ ವರ್ಷಕ್ಕೆ ಅರವತ್ತು-ಎಂಬತ್ತು ತತ್ತಿ ಇಟ್ಟರೆ ಹೆಚ್ಚು, ಫಾರಂ ಕೋಳಿಯದು ಮುನ್ನೂರರ ಆಸುಪಾಸು. 2024ರಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ನೆರವಿನಿಂದ ರಾಜ್ಯದ ಸರ್ಕಾರಿ ಶಾಲೆಗಳ ತತ್ತಿ ವಾರಕ್ಕೆ ಎರಡು ದಿನದಿಂದ ಆರಕ್ಕೇರಿತು. ಅಷ್ಟನ್ನು ಹಿತ್ತಲಿನಿಂದ ಪೂರೈಸಲಾಗದು, ಮಕ್ಕಳಿಗೆ ಅದರಿಂದ ನಷ್ಟವೂ ಇಲ್ಲ.

ಮಳೆಗಾಲದ ಜವಾರಿ ತತ್ತಿಗೆ ದುಪ್ಪಟ್ಟು ಕೊಡಲು ನನ್ನ ತಕರಾರಿಲ್ಲ; ಆ ದುಡ್ಡು ಕೋಳಿ ಸಾಕಿದ ಹೆಣ್ಣುಮಗಳ ಕೈಗೆ ಹೋಗುವುದಾದರೆ ಇನ್ನೂ ಸಂತೋಷ. ಬೇಸಿಗೆಯಲ್ಲಿ ಕೊಟ್ಟರೆ, ರುಚಿಗೂ ಬಿಸಿಲಿಗೂ ಕೊಟ್ಟೆ ಅಂದುಕೊಳ್ಳಬೇಕು.