ಬೆಳೆ ಉಳಿಕೆಯ ಟೊರಿಫ್ಯಾಕ್ಷನ್: ಇಂಧನ ಮಾರುಕಟ್ಟೆಯಲ್ಲಿ ರೈತನ ಪಾಲು ಎಷ್ಟು?

ಕಲ್ಲಿದ್ದಲು ಆಧಾರಿತ ಶಾಖೋತ್ಪನ್ನ ವಿದ್ಯುತ್ ಸ್ಥಾವರಗಳು ಕಲ್ಲಿದ್ದಲಿನೊಂದಿಗೆ ಜೈವಿಕ ಪೆಲೆಟ್‌ಗಳನ್ನು ಬೆರೆಸಿ ಉರಿಸಬೇಕೆಂಬ ನೀತಿಯನ್ನು ಕೇಂದ್ರ ವಿದ್ಯುತ್ ಸಚಿವಾಲಯವು 2021ರ ಅಕ್ಟೋಬರ್‌ನಲ್ಲಿ ಪ್ರಕಟಿಸಿತು. 2023ರ ಪರಿಷ್ಕರಣೆಯಲ್ಲಿ, 2024-25ನೇ ಸಾಲಿನಿಂದ ಶೇ. 5ರಷ್ಟು ಮಿಶ್ರಣ ಕಡ್ಡಾಯವೆಂದು ನಿಗದಿಪಡಿಸಲಾಯಿತು. ಇದರಿಂದ ಹೊಲದಲ್ಲಿ ಸುಡುತ್ತಿದ್ದ ಬೆಳೆ ಉಳಿಕೆಗೆ ಬೇಡಿಕೆ ಹುಟ್ಟಿದೆ. ಈ ಬೇಡಿಕೆಯ ಜೊತೆಗೆ ಕೇಳಿಬರುತ್ತಿರುವ ತಂತ್ರಜ್ಞಾನವೇ ಟೊರಿಫ್ಯಾಕ್ಷನ್.

ಪ್ರಕ್ರಿಯೆಯ ಸ್ವರೂಪ

ಕಾಫಿ ಬೀಜವನ್ನು ಹುರಿಯುವಂತೆ, ಒಣಗಿದ ಉಳಿಕೆಯನ್ನು ಆಮ್ಲಜನಕ ಅತಿ ಕಡಿಮೆಯಿರುವ ಕೊಠಡಿಯಲ್ಲಿ 200ರಿಂದ 300 ಡಿಗ್ರಿ ಸೆಲ್ಸಿಯಸ್ ಉಷ್ಣತೆಗೆ ಒಳಪಡಿಸಲಾಗುತ್ತದೆ. ಆಗ ತೇವಾಂಶ ಪೂರ್ಣವಾಗಿ ಹೋಗಿ, ನಾರಿನಲ್ಲಿರುವ ಹೆಮಿಸೆಲ್ಯುಲೋಸ್ ಒಡೆಯುತ್ತದೆ. ಸಾಮಾನ್ಯವಾಗಿ ಒಣ ತೂಕದ ಶೇ. 70ರಷ್ಟು ಉಳಿದರೂ ಅದರಲ್ಲಿ ಮೂಲ ಶಕ್ತಿಯ ಸುಮಾರು ಶೇ. 90ರಷ್ಟು ಇರುತ್ತದೆ. ಉದಾಹರಣೆಗೆ, ಕಿಲೋಗೆ 3,800 ಕಿಲೋಕ್ಯಾಲರಿ ಶಾಖಮೌಲ್ಯದ 100 ಕಿಲೋ ಉಳಿಕೆಯಿಂದ ಸುಮಾರು 4,900 ಕಿಲೋಕ್ಯಾಲರಿಯ 70 ಕಿಲೋ ಇಂಧನ ದೊರೆಯುತ್ತದೆ. ಹೊರಬರುವ ಅನಿಲವನ್ನು ಉರಿಸಿ ಘಟಕಕ್ಕೆ ಬೇಕಾದ ಶಾಖದ ಬಹುಭಾಗವನ್ನು ಪಡೆಯಬಹುದು.

ಹೀಗೆ ಹುರಿದ ಉಳಿಕೆಯು ನೀರನ್ನು ಸುಲಭವಾಗಿ ಹೀರುವುದಿಲ್ಲ, ಬೂಷ್ಟು ಹಿಡಿಯುವುದು ಕಡಿಮೆ, ಕಲ್ಲಿದ್ದಲಿನಂತೆ ನುಣ್ಣಗೆ ಪುಡಿಯಾಗುತ್ತದೆ. ನಾರಿನ ಗುಣವುಳ್ಳ ಸಾಮಾನ್ಯ ಪೆಲೆಟ್‌ಗಳು ಕೆಲವು ಬಗೆಯ ಗಿರಣಿಗಳಲ್ಲಿ ಸರಿಯಾಗಿ ಪುಡಿಯಾಗದ ಕಾರಣ ಅಂತಹ ಸ್ಥಾವರಗಳಿಗೆ ಟೊರಿಫೈಡ್ ಪೆಲೆಟ್ ಅಗತ್ಯ.

ಯಾವ ಉಳಿಕೆ ಸೂಕ್ತ?

ಎಲ್ಲ ಉಳಿಕೆಗಳೂ ಸಮಾನವಲ್ಲ. ಭತ್ತದ ಹುಲ್ಲಿನಲ್ಲಿ ಸಿಲಿಕಾ ಹೆಚ್ಚಿದ್ದು, ಬೂದಿಯ ಪ್ರಮಾಣ ಶೇ. 15 ಅಥವಾ ಅದಕ್ಕಿಂತ ಹೆಚ್ಚಿರಬಹುದು. ಅದರ ಪೊಟ್ಯಾಸಿಯಂ ಮತ್ತು ಕ್ಲೋರಿನ್ ಬಾಯ್ಲರ್ ಕೊಳವೆಗಳಲ್ಲಿ ಬೂದಿ ಗಟ್ಟಿಯಾಗಲು ಹಾಗೂ ಸವೆತಕ್ಕೆ ಕಾರಣವಾಗುತ್ತವೆ. ಟೊರಿಫ್ಯಾಕ್ಷನ್ ಬೂದಿಯನ್ನು ತೆಗೆಯುವುದಿಲ್ಲ. ತೂಕ ಇಳಿಯುವುದರಿಂದ ಅದರ ಶೇಕಡಾವಾರು ಪ್ರಮಾಣ ಏರುತ್ತದೆ. ಹತ್ತಿ ಕಡ್ಡಿ ಮತ್ತು ತೊಗರಿ ಕಟ್ಟಿಗೆಯಲ್ಲಿ ಬೂದಿ ಕಡಿಮೆ ಇರುವುದರಿಂದ ಇವು ಹೆಚ್ಚು ಯೋಗ್ಯ. ರಾಯಚೂರು, ಬಳ್ಳಾರಿಯಂತಹ ವಿದ್ಯುತ್ ಸ್ಥಾವರಗಳಿರುವ ಕಲ್ಯಾಣ ಕರ್ನಾಟಕ ಭಾಗದಲ್ಲೇ ಈ ಎರಡೂ ಬೆಳೆಗಳು ವ್ಯಾಪಕವಾಗಿರುವುದು ಗಮನಾರ್ಹ.

ಹತ್ತಿ ಕಡ್ಡಿಯ ವಿಲೇವಾರಿಗೆ ಇನ್ನೊಂದು ಲಾಭವಿದೆ. ಕೊನೆಯ ಬಿಡಿಸುವಿಕೆಯ ನಂತರ ಹೊಲದಲ್ಲಿ ಅಥವಾ ಬದುವಿನಲ್ಲಿ ಉಳಿಯುವ ಕಡ್ಡಿ ಹಾಗೂ ಒಣ ಕಾಯಿಗಳಲ್ಲಿ ಗುಲಾಬಿ ಕಾಯಿಕೊರಕದ ಮರಿಹುಳುಗಳು ಮುಂದಿನ ಹಂಗಾಮಿನವರೆಗೆ ಬದುಕುಳಿಯುತ್ತವೆ. ಆದ್ದರಿಂದ ಕಡ್ಡಿಯನ್ನು ರಾಶಿ ಹಾಕಿ ಕಾಯದೆ, ಬೇಗನೆ ಕಿತ್ತು ಯಂತ್ರದಿಂದ ಚೂರು ಮಾಡುವುದು ಕ್ಷೇಮ.

ಲೆಕ್ಕ ಹಾಕಬೇಕಾದ ಅಂಶಗಳು

- ಮೇವಿನ ಕೊರತೆಯಿರುವಲ್ಲಿ ಭತ್ತದ ಹುಲ್ಲು ಮತ್ತು ಜೋಳದ ಕಣಿಕೆಯನ್ನು ಜಾನುವಾರುಗಳಿಗೇ ಮೀಸಲಿಡಬೇಕು.
- ಒಂದು ಟನ್ ಭತ್ತದ ಹುಲ್ಲಿನೊಂದಿಗೆ ಸುಮಾರು 5-8 ಕಿಲೋ ಸಾರಜನಕ ಮತ್ತು 15-20 ಕಿಲೋ ಪೊಟ್ಯಾಷ್ ಹೊಲದಿಂದ ಹೊರಹೋಗುತ್ತದೆ. ಈ ಪೋಷಕಾಂಶಗಳ ಬೆಲೆಯನ್ನು ಮಾರಾಟದ ಬೆಲೆಯಿಂದ ಕಳೆದು ನೋಡಬೇಕು.
- ಶೇ. 30 ತೇವಾಂಶದ ಒಂದು ಟನ್‌ನಲ್ಲಿ 700 ಕಿಲೋ, ಶೇ. 12ರಲ್ಲಿ 880 ಕಿಲೋ ಒಣ ಪದಾರ್ಥವಿರುತ್ತದೆ. ಒಣಗಿಸಿ ಕೊಟ್ಟವರಿಗೆ ಹೆಚ್ಚಿನ ದರ ಸಿಗುವಂತೆ ಒಪ್ಪಂದದಲ್ಲಿ ತೇವಾಂಶದ ಮಿತಿ ನಮೂದಾಗಿರಬೇಕು.
- ಕಟಾವು, ಚೂರು ಮಾಡುವಿಕೆ ಹಾಗೂ ಸಾಗಣೆಯ ಖರ್ಚು ಯಾರದು, ಹಣ ಪಾವತಿ ಎಂದು ಎಂಬುದನ್ನು ಲಿಖಿತವಾಗಿ ಪಡೆಯಬೇಕು.

ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2022ರಲ್ಲಿ ಪ್ರಕಟಿಸಿದ ಟೊರಿಫ್ಯಾಕ್ಷನ್ ಘಟಕಗಳ ಸಹಾಯಧನ ಮಾರ್ಗಸೂಚಿಯು ದೆಹಲಿ, ಪಂಜಾಬ್, ಹರಿಯಾಣ ಹಾಗೂ ರಾಜಧಾನಿ ಪ್ರದೇಶಕ್ಕೆ ಸೇರಿದ ಜಿಲ್ಲೆಗಳ ಭತ್ತದ ಹುಲ್ಲನ್ನು ಉದ್ದೇಶಿಸಿದ್ದು. ಆ ಸಹಾಯಧನವನ್ನು ನಂಬಿ ಇಲ್ಲಿ ಬಂಡವಾಳ ಹೂಡುವುದು ಸಲ್ಲದು.

ಸಲಹೆ

ಟೊರಿಫ್ಯಾಕ್ಷನ್ ಘಟಕದ ಬಂಡವಾಳ ಹಾಗೂ ನಿರ್ವಹಣೆ ಒಬ್ಬ ರೈತನ ಶಕ್ತಿಗೆ ಮೀರಿದ್ದು. ಉಳಿಕೆ ಹಗುರವಾಗಿದ್ದು ಜಾಗ ಹೆಚ್ಚು ಹಿಡಿಯುವುದರಿಂದ ದೂರದ ಸಾಗಣೆ ಲಾಭವನ್ನು ನುಂಗುತ್ತದೆ. ರೈತ ಉತ್ಪಾದಕ ಸಂಸ್ಥೆಗಳು ಮೊದಲ ಹಂತದಲ್ಲಿ ಸಂಗ್ರಹಣೆ, ಚೂರು ಮಾಡುವಿಕೆ ಮತ್ತು ಒಣಗಿಸುವಿಕೆಯನ್ನು ಕೈಗೊಂಡು, ಖರೀದಿ ಒಪ್ಪಂದ ಖಚಿತವಾದ ಬಳಿಕವೇ ಮುಂದಿನ ಹೂಡಿಕೆಯನ್ನು ಆಲೋಚಿಸುವುದು ಒಳಿತು. ವಿಸ್ತರಣಾ ಕಾರ್ಯಕರ್ತರು ಗ್ರಾಮವಾರು ಹತ್ತಿ ಮತ್ತು ತೊಗರಿಯ ವಿಸ್ತೀರ್ಣ, ಮನೆಬಳಕೆಗೆ ಹೋಗುವ ಕಟ್ಟಿಗೆ ಹಾಗೂ ನಿಜವಾಗಿ ಉಳಿಯುವ ಪ್ರಮಾಣವನ್ನು ಕಟಾವಿಗೆ ಮುನ್ನ ದಾಖಲಿಸಿಕೊಂಡರೆ, ದರದ ಮಾತುಕತೆಯಲ್ಲಿ ರೈತರ ಕೈಯಲ್ಲಿ ಖಚಿತ ಅಂಕಿ ಇರುತ್ತದೆ.