ತಪ್ಪಿನ ತೂಕ

ಒಂದು ವಿಜ್ಞಾನದ ಲೆಕ್ಕವನ್ನು ಹೊರಗಿನವರು ಪರೀಕ್ಷಿಸಬಹುದೇ? ಖಂಡಿತ ಪರೀಕ್ಷಿಸಬಹುದು. ಸಂಖ್ಯಾಶಾಸ್ತ್ರ ಬಲ್ಲವರಿಗೆ ಯಾವ ಶಾಸ್ತ್ರದ ಕೋಷ್ಟಕವೂ ನಿಷಿದ್ಧವಲ್ಲ. ಕಷ್ಟ ಶುರುವಾಗುವುದು ತಪ್ಪು ಸಿಕ್ಕ ಮೇಲೆ. ಆ ತಪ್ಪು ಎಷ್ಟು ಭಾರದ್ದು, ತಿದ್ದಿದರೆ ತೀರ್ಮಾನದಲ್ಲಿ ಏನು ಉಳಿಯುತ್ತದೆ ಎಂದು ತೂಗಿ ಹೇಳುವುದೂ ಪರೀಕ್ಷಕರ ಕೆಲಸವೇ. ಕೆನಡಾದ ಗ್ವೆಲ್ಫ್ ವಿಶ್ವವಿದ್ಯಾಲಯದ ಪರಿಸರ ಅರ್ಥಶಾಸ್ತ್ರಜ್ಞ ರಾಸ್ ಮೆಕಿಟ್ರಿಕ್ ಮೊದಲ ಕೆಲಸವನ್ನು ಶ್ರದ್ಧೆಯಿಂದ ಮಾಡಿದರು, ಎರಡನೆಯದರಲ್ಲಿ ಎಡವಿದರು ಎಂಬುದು ನನ್ನ ವಾದ.

ಅವರ ಹೆಸರು ಜಗತ್ತಿಗೆ ತಿಳಿದದ್ದು 'ಹಾಕಿ ಸ್ಟಿಕ್' ನಕ್ಷೆಯಿಂದ. ಹವಾಮಾನ ವಿಜ್ಞಾನಿ ಮೈಕೆಲ್ ಮ್ಯಾನ್ ಮತ್ತು ಸಂಗಡಿಗರು 1998 ಮತ್ತು 1999ರಲ್ಲಿ ಮರದ ಉಂಗುರ, ಹವಳ, ಹಿಮದ ಪದರಗಳ ಆಧಾರದಿಂದ ಹಳೆಯ ತಾಪಮಾನವನ್ನು ಅಂದಾಜಿಸಿದ್ದರು. ಶತಮಾನಗಳ ಕಾಲ ಹೆಚ್ಚುಕಡಿಮೆ ನೆಟ್ಟಗೆ ಸಾಗಿದ ಗೆರೆ ಇಪ್ಪತ್ತನೆಯ ಶತಮಾನದಲ್ಲಿ ಥಟ್ಟನೆ ಮೇಲೇರುವ ಆ ಚಿತ್ರಕ್ಕೆ ವಿಶ್ವಸಂಸ್ಥೆಯ ಹವಾಮಾನ ಸಮಿತಿಯಾದ ಐಪಿಸಿಸಿಯ 2001ರ ವರದಿ ದೊಡ್ಡ ಸ್ಥಾನ ಕೊಟ್ಟಿತು. ಗಣಿ ಉದ್ಯಮದಲ್ಲಿ ದುಡಿದಿದ್ದ ಸ್ಟೀಫನ್ ಮೆಕಿಂಟೈರ್ ಜೊತೆ ಸೇರಿ ಮೆಕಿಟ್ರಿಕ್ 2003 ಮತ್ತು 2005ರಲ್ಲಿ ಅದನ್ನು ಪ್ರಶ್ನಿಸಿದರು. ದತ್ತಾಂಶದ ಸರಾಸರಿಯನ್ನು ಇಡೀ ಅವಧಿಗೆ ತೆಗೆಯದೆ ಇತ್ತೀಚಿನ ಭಾಗಕ್ಕಷ್ಟೇ ತೆಗೆದದ್ದರಿಂದ, ಅರ್ಥವಿಲ್ಲದ ಯಾದೃಚ್ಛಿಕ ಅಂಕಿಗಳಿಂದಲೂ ಹಾಕಿ ಕೋಲಿನ ಆಕಾರ ಹೊಮ್ಮುತ್ತದೆ ಎಂದು ತೋರಿಸಿದರು. ಇದು ಸಣ್ಣ ಸಾಧನೆಯಲ್ಲ. ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ 2006ರಲ್ಲಿ ಆ ವಿಧಾನ ಸರಿಯಲ್ಲವೆಂದು ಒಪ್ಪಿತು. 1600ಕ್ಕೆ ಹಿಂದಿನ ಅಂದಾಜುಗಳ ಬಗ್ಗೆ ವಿಶ್ವಾಸ ಕಡಿಮೆ ಎಂದೂ ಹೇಳಿತು. ಅದೇ ಮಂಡಳಿ, ಈ ದೋಷದಿಂದ ಅಂತಿಮ ಚಿತ್ರ ಹೆಚ್ಚೇನೂ ಬದಲಾಗುವುದಿಲ್ಲ, ಕಳೆದ 400 ವರ್ಷಗಳಲ್ಲಿ ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳೇ ಹೆಚ್ಚು ಬಿಸಿ ಎಂದೂ ಬರೆಯಿತು. ತಪ್ಪು ನಿಜ, ಅದರ ತೂಕ ಕಡಿಮೆ.

ಈ ತೂಕದ ಮಾತು ಮೆಕಿಟ್ರಿಕ್ ಅವರಿಗೆ ಗೊತ್ತಿರದ್ದೇನಲ್ಲ. 2004ರಲ್ಲಿ ಹವಾಮಾನ ವಿಜ್ಞಾನಿ ಪ್ಯಾಟ್ರಿಕ್ ಮೈಕೆಲ್ಸ್ ಜೊತೆ ಅವರು ಪ್ರಕಟಿಸಿದ ಲೇಖನವೊಂದರಲ್ಲಿ, ರೇಡಿಯನ್ ಬೇಕಿದ್ದ ಕಡೆ ಅಕ್ಷಾಂಶವನ್ನು ಡಿಗ್ರಿಯಲ್ಲಿ ಕೊಟ್ಟು ಕೊಸೈನ್ ತೆಗೆದಿದ್ದರು. ಬೇರೊಬ್ಬರು ಅದನ್ನು ಪತ್ತೆ ಹಚ್ಚಿದಾಗ ಬಹಿರಂಗವಾಗಿ ಒಪ್ಪಿ ತಿದ್ದುಪಡಿ ಪ್ರಕಟಿಸಿದರು, ಮುಖ್ಯ ತೀರ್ಮಾನ ಆಮೇಲೂ ನಿಲ್ಲುತ್ತದೆ ಎಂದರು. ಆ ನಡತೆ ಮೆಚ್ಚತಕ್ಕದ್ದು. ತಮ್ಮ ಲೆಕ್ಕಕ್ಕೆ ಕೇಳಿಕೊಂಡ ಪ್ರಶ್ನೆಯನ್ನೇ ಹವಾಮಾನ ವಿಜ್ಞಾನಕ್ಕೂ ಅಷ್ಟೇ ಉದಾರವಾಗಿ ಕೇಳಿದ್ದರೆ, ಇಂಗಾಲದ ಡೈಆಕ್ಸೈಡು ಶಾಖವನ್ನು ಹಿಡಿದಿಡುತ್ತದೆ ಎಂಬ ತಿಳಿವು ಯಾವ ಮರದ ಉಂಗುರವನ್ನೂ ನಂಬಿ ನಿಂತದ್ದಲ್ಲವೆಂದು ಅವರು ಅಷ್ಟೇ ಗಟ್ಟಿಯಾಗಿ ಹೇಳಬೇಕಾಗುತ್ತಿತ್ತು. ಭೌತವಿಜ್ಞಾನಿ ಟಿಂಡಾಲ್ 1859ರಲ್ಲೇ ಅದನ್ನು ಪ್ರಯೋಗಶಾಲೆಯಲ್ಲಿ ಅಳೆದಿದ್ದರು. 1896ರಲ್ಲಿ ರಸಾಯನವಿಜ್ಞಾನಿ ಅರೇನಿಯಸ್ ಅದರಿಂದಾಗುವ ತಾಪದ ಏರಿಕೆಯನ್ನು ಲೆಕ್ಕ ಹಾಕಿದ್ದರು.

ವಿಜ್ಞಾನವೇ ಅನಿಶ್ಚಿತವಾಗಿರುವಾಗ ದುಬಾರಿ ನೀತಿ ಏಕೆ ಎಂದು ಕೇಳುವವರಿದ್ದಾರೆ. ಮೆಕಿಟ್ರಿಕ್ ಇದಕ್ಕೆ 2007ರಲ್ಲಿ ಜಾಣ ಉತ್ತರವೊಂದನ್ನು ಕೊಟ್ಟರು. ಉಷ್ಣವಲಯದ ವಾತಾವರಣದ ತಾಪಮಾನಕ್ಕೆ ಇಂಗಾಲದ ತೆರಿಗೆಯನ್ನು ಕಟ್ಟಿಹಾಕಿ; ಬಿಸಿ ಏರಿದರೆ ತೆರಿಗೆ ಏರಲಿ, ಏರದಿದ್ದರೆ ಬೇಡ. ಮುಂದಾಲೋಚನೆಯುಳ್ಳ ಹೂಡಿಕೆದಾರರು ಏರಿಕೆಯನ್ನು ಮೊದಲೇ ಲೆಕ್ಕಕ್ಕೆ ಹಿಡಿಯುತ್ತಾರೆ ಎಂಬ ಅವರ ಸಮರ್ಥನೆಯಲ್ಲೂ ಹುರುಳಿದೆ. ಆದರೆ ಹೆಚ್ಚುವರಿ ಶಾಖದಲ್ಲಿ ಶೇ. 90ಕ್ಕೂ ಹೆಚ್ಚು ಸಾಗರಕ್ಕೆ ಇಳಿಯುತ್ತದೆ, ಹೊರಬಿಟ್ಟ ಅನಿಲದ ದೊಡ್ಡ ಪಾಲು ಶತಮಾನಗಳ ಕಾಲ ಉಳಿಯುತ್ತದೆ. ಗಾಳಿಯ ಒಂದು ಪದರ ಕಾಯುವುದನ್ನು ನೋಡಿ ಎಚ್ಚೆತ್ತರೆ ಹಿಂದಿನ ಹೊಗೆಯನ್ನು ಮರಳಿ ಪಡೆಯಲಾಗದು. ಮನೆಗೆ ಬೆಂಕಿ ಬೀಳುವುದು ಖಚಿತವೆಂದು ಯಾರೂ ವಿಮೆ ಮಾಡಿಸುವುದಿಲ್ಲ. ಅಪಾಯದ ಅಂದಾಜು ಮಸುಕಾದಷ್ಟೂ ವಿಮೆಯ ಬೆಲೆ ಏರುತ್ತದೆ. ಇದು ಅವರ ಸ್ವಂತ ಶಾಸ್ತ್ರದ ಪಾಠ, ಅದನ್ನು ಅವರು ಹಗುರವಾಗಿ ಕಂಡದ್ದೇ ನನಗೆ ಹೆಚ್ಚು ಬೇಸರದ ಸಂಗತಿ.

ಹೀಗೆಂದರೆ ಭಿನ್ನಮತದ ಬಾಯಿ ಮುಚ್ಚಿಸಿದಂತಾಗದೇ? ಆಗದು. 2025ರಲ್ಲಿ ಅಮೆರಿಕದ ಇಂಧನ ಇಲಾಖೆಗಾಗಿ ಹವಾಮಾನ ವರದಿ ಬರೆದ ಐವರಲ್ಲಿ ಮೆಕಿಟ್ರಿಕ್ ಒಬ್ಬರು. ಅದಕ್ಕೆ 85ಕ್ಕೂ ಹೆಚ್ಚು ವಿಜ್ಞಾನಿಗಳು ಸುದೀರ್ಘ ಉತ್ತರ ಕೊಟ್ಟರು. ಮೆಕಿಟ್ರಿಕ್ ಅವರ ದನಿ ಸರ್ಕಾರದ ತನಕ ಮುಟ್ಟಿದೆ. ಹೊರಗಿನವರ ಅನುಮಾನ ಹೇಗೆ ಫಲಿಸಬಹುದು ಎಂಬುದಕ್ಕೆ ಬೇರೆ ಉದಾಹರಣೆಯೂ ಇದೆ. ಬರ್ಕ್ಲಿಯ ಭೌತವಿಜ್ಞಾನಿ ರಿಚರ್ಡ್ ಮುಲ್ಲರ್, ಮೆಕಿಟ್ರಿಕ್ ಮತ್ತು ಮೆಕಿಂಟೈರ್ ಅವರ ಟೀಕೆಯನ್ನು 2004ರಲ್ಲೇ ಮೆಚ್ಚಿ ಬರೆದವರು. ತಾಪಮಾನದ ದಾಖಲೆಗಳ ಮೇಲೂ ಸಂಶಯಗೊಂಡು ತಂಡ ಕಟ್ಟಿದರು. ತೈಲ ಉದ್ಯಮಿಗಳ ಕೋಕ್ ಪ್ರತಿಷ್ಠಾನದ ಹಣವೂ ಆ ಕೆಲಸಕ್ಕೆ ಬಂದಿತ್ತು. ಇಡೀ ಲೆಕ್ಕವನ್ನು ಮೊದಲಿನಿಂದ ಮಾಡಿದ ಮೇಲೆ, 250 ವರ್ಷಗಳಲ್ಲಿ ನೆಲದ ಮೇಲಿನ ತಾಪ ಸುಮಾರು 1.5 ಡಿಗ್ರಿ ಸೆಲ್ಸಿಯಸ್ ಏರಿದೆ, ಕಾರಣ ಬಹುತೇಕ ಮನುಷ್ಯನೇ ಎಂದು 2012ರಲ್ಲಿ ತಮ್ಮ ಸಂಶಯವನ್ನು ಹಿಂದಕ್ಕೆ ಪಡೆದರು.